ಸತ್ಯಾಂಶ: ಬ್ಲೀಚಿಂಗ್ ನೀರು ಮೈಗಲ್ಲ, ನೆಲಕ್ಕೆ

‘ಪೇಟೆಯಿಂದ ಬಂದವರ ಮೈಮೇಲೆ ಬ್ಲೀಚಿಂಗ್ ನೀರು ಸಿಂಪಡಿಸಿ, ಕೊರೊನಾ ಸಾಯುತ್ತದೆ’ ಎಂಬ ವಾಟ್ಸಾಪ್ ಸಂದೇಶ ಸುಳ್ಳು. ವೈರಸ್ ಇರುವುದು ಸೋಂಕಿತರ ಮೂಗು, ಗಂಟಲು, ಶ್ವಾಸಕೋಶದೊಳಗೆ. ಮೈಗೆ ಹೊಯ್ದ ಬ್ಲೀಚಿಂಗ್ ನೀರಿನ ಕ್ಲೋರಿನ್ ಅಲ್ಲಿಗೆ ತಲುಪುವುದಿಲ್ಲ. ಕಣ್ಣು, ಚರ್ಮ ಉರಿಯುತ್ತದೆ, ಅಷ್ಟೇ. 2020ರ ಏಪ್ರಿಲ್‌ನಲ್ಲೇ ಕೇಂದ್ರ ಆರೋಗ್ಯ ಸಚಿವಾಲಯ ಇದು ಬೇಡ ಎಂದಿತ್ತು.

ನೆಲಕ್ಕೆ, ಮೀನುಕಟ್ಟೆಗೆ ಬಳಸುವುದಾದರೆ ಮೊದಲು ಸೋಪುನೀರಿನಲ್ಲಿ ಲೋಳೆ, ರಕ್ತ ತೊಳೆಯಿರಿ. ಕೊಳೆ ಉಳಿದರೆ ಕ್ಲೋರಿನ್ ಅದರಲ್ಲೇ ಮುಗಿದುಹೋಗುತ್ತದೆ. ಆಮೇಲೆ ಲೀಟರ್ ನೀರಿಗೆ 30 ಗ್ರಾಂ ಹೊಸ ಬ್ಲೀಚಿಂಗ್ ಪುಡಿ ಕದಡಿ ಸುರಿದು, 10 ನಿಮಿಷ ಒದ್ದೆಯಾಗಿಯೇ ಬಿಡಿ. ಕಾರವಾರದಂಥ ತೇವದ ಊರಲ್ಲಿ ಬಾಯಿ ಬಿಚ್ಚಿಟ್ಟ ಪುಡಿ ಬೇಗ ಸತ್ವ ಕಳೆದುಕೊಳ್ಳುತ್ತದೆ. ಘಾಟು ಹೋಗಿ ಗಂಟುಕಟ್ಟಿದ್ದರೆ ಅದು ಹೆಚ್ಚುಕಡಿಮೆ ಬರೀ ಸುಣ್ಣ. ಪಾಯಿಖಾನೆ ತೊಳೆಯುವ ಆ್ಯಸಿಡ್ ಜತೆ ಮಾತ್ರ ಬೆರೆಸಲೇಬೇಡಿ, ವಿಷಗಾಳಿ ಏಳುತ್ತದೆ.