‘ಕತ್ತಲಾಯ್ತು’ ಅಂತ ಬರೆದರೆ ತಪ್ಪಾ?

ನಿನ್ನೆ ಸಂಜೆ ತಂಗಿ ಮಗನ ನೋಟ್‌ಬುಕ್ ನೋಡಿದಾಗಿನಿಂದ ಮನಸ್ಸು ಸರಿಯಿಲ್ಲ. ಆರನೇ ಕ್ಲಾಸಿನ ಹುಡುಗ. ಟ್ಯೂಷನ್‌ನಲ್ಲಿ ‘ಇಟ್ ಗಾಟ್ ಡಾರ್ಕ್’ ಅನ್ನೋ ವಾಕ್ಯ ಕೊಟ್ಟು ಕನ್ನಡದಲ್ಲಿ ಅರ್ಥ ಬರೆಯಿರಿ ಅಂದಿದ್ದಾರೆ. ಇವನು ‘ಕತ್ತಲಾಯ್ತು’ ಅಂತ ಬರೆದಿದ್ದಾನೆ. ಅದರ ಮೇಲೆ ಕೆಂಪು ಗೀಟು. ಪಕ್ಕದಲ್ಲಿ ‘ಅದು ಕತ್ತಲೆಯನ್ನು ಪಡೆಯಿತು’ ಅಂತ ತಿದ್ದಿದ್ದಾರೆ. ಕೆಳಗೆ ‘ಗೆಟ್ ಅಂದರೆ ಪಡೆ’ ಅಂತ ಪುಟದ ತುಂಬ ಬರೆಸಿದ್ದಾರೆ.

ಸರಿಯಾಗಿ ಬರೆದ ಮಗುವಿಗೆ ಶಿಕ್ಷೆ! ದಾವಣಗೆರೆಯ ಯಾವ ಮನೆಯಲ್ಲಿ ‘ಕತ್ತಲೆಯನ್ನು ಪಡೆಯಿತು’ ಅಂತಾರೆ ಹೇಳಿ. ‘ಕತ್ತಲಾಯ್ತು, ಲೈಟ್ ಹಾಕು’ ಅಂತಾರೆ, ಅಲ್ವಾ?

ಇಂಗ್ಲಿಷ್ ಪಾಠ ಹೇಳಿಯೇ ನಾನು ಸಂಸಾರ ನಡೆಸಿದ್ದು, ನಿಮಗೆಲ್ಲ ಗೊತ್ತಿದೆ. ಗೆಟ್ ಒಂದೇ ಅರ್ಥದ ಪದ ಅಲ್ಲ. ಕಾಗದ ಬಂದರೂ ಗೆಟ್, ಅಂಗಡಿಯಿಂದ ಹಾಲು ತಂದರೂ ಗೆಟ್. ಹರಿಹರ ತಲುಪಿದರೂ, ಸಿಟ್ಟು ಬಂದರೂ, ಮದುವೆಯಾದರೂ, ಹೇಳಿದ್ದು ಅರ್ಥವಾದರೂ ಅದೇ. ‘ಹ್ಯಾವ್ ಗಾಟ್’ ಅಂದರೆ ಇದೆ. ಅದಕ್ಕೆ ‘ಟು ಗೋ’ ಸೇರಿದರೆ ಹೋಗಲೇಬೇಕು. ಉತ್ತರ ಯುರೋಪಿನ ಕಡಲಯೋಧರಾದ ವೈಕಿಂಗರು ಇಂಗ್ಲೆಂಡಿಗೆ ತಂದ ಹಳೆಯ ನಾರ್ಸ್ ಭಾಷೆಯಿಂದ ಬಂದ ಪದ ಇದು. ನೂರಾರು ವರ್ಷ ಜನರ ಬಾಯಲ್ಲಿ ತಿರುಗಿ ಬೆಳೆದಿದೆ. ಅಮೆರಿಕದವರು ‘ಗಾಟನ್’ ಅಂತಲೂ ಅಂತಾರೆ. ನಮ್ಮಲ್ಲಿ ಗೆಟ್-ಗಾಟ್-ಗಾಟ್ ಅಂತ ಮಾತ್ರ ಉರು ಹೊಡೆಸ್ತಾರೆ. ಟಿವಿಯಲ್ಲಿ ಕೇಳಿದ ‘ಗಾಟನ್’ ಬರೆದರೆ ಅದಕ್ಕೂ ಗೀಟು ಬೀಳುತ್ತೆ. ಇಂಗ್ಲಿಷಿನಲ್ಲಿ ಜಾಸ್ತಿ ದುಡಿಯುವುದೇ ಇಂಥ ಪುಟ್ಟ ಪದಗಳು. ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಯಲ್ಲಿ ‘ರನ್’ ಅನ್ನೋ ಒಂದೇ ಕ್ರಿಯಾಪದಕ್ಕೆ 600ಕ್ಕೂ ಹೆಚ್ಚು ಅರ್ಥ ಇದೆ.

ಇದನ್ನು ಕಲಿಸಲು ಬೇಕಾದ್ದೆಲ್ಲ ಮಗುವಿನ ಕನ್ನಡದಲ್ಲೇ ಇದೆ. ಅದಕ್ಕೇ ನನಗೆ ಹೊಟ್ಟೆ ಉರಿಯುವುದು. ಮಂಡಿಪೇಟೆಯಲ್ಲಿ ಬಟ್ಟೆ ತಗೊಂಡು ಬ್ಲೌಸ್ ಹೊಲಿಸಿದೆ ಅಂತೀವಿ. ಹೊಲಿದದ್ದು ಟೈಲರ್, ಹೊಲಿಸಿದ್ದು ನಾನು. ಇಂಗ್ಲಿಷಿನಲ್ಲಿ ‘ಐ ಗಾಟ್ ಎ ಬ್ಲೌಸ್ ಸ್ಟಿಚ್ಡ್’. ಹೊಲಿಸು, ಮಾಡಿಸು, ಬರೆಸು ಅನ್ನುವಾಗ ನಮ್ಮ ‘ಇಸು’ ಮಾಡುವ ಕೆಲಸವನ್ನೇ ಅಲ್ಲಿ ಗೆಟ್ ಮಾಡುತ್ತೆ. ಸೈಕಲ್ ರಿಪೇರಿ ಮಾಡಿಸಿದ್ದು, ಕಟಿಂಗ್ ಮಾಡಿಸಿದ್ದು, ಎಲ್ಲ ಹೀಗೇ. ಇನ್ನು ‘ಐ ಗಾಟ್ ಎ ಜಾಬ್’. ಅವರು ‘ನಾನು’ ಅಂತ ಶುರು ಮಾಡ್ತಾರೆ, ನಾವು ‘ನನಗೆ ಕೆಲಸ ಸಿಕ್ತು’ ಅಂತೀವಿ. ಇಷ್ಟನ್ನು ಬಾಯಿಮಾತಲ್ಲಿ ಹೇಳಿಕೊಟ್ಟರೆ ಮಕ್ಕಳು ಥಟ್ಟನೆ ಹಿಡಿಯುತ್ತವೆ. ‘ಪಡೆ’ ಅಂತ ಪುಟ ತುಂಬಿಸಿದರೆ ಕೈ ನೋಯುತ್ತೆ, ಅಷ್ಟೇ.

‘ಮೇಡಂ, ಬ್ಯಾಚ್ ತುಂಬ ಮಕ್ಕಳು. ಮೊದಲು ಒಂದು ಅರ್ಥ ಬಾಯಿಪಾಠ ಆಗಲಿ, ಉಳಿದದ್ದು ಆಮೇಲೆ’ ಅನ್ನುವವರಿದ್ದಾರೆ. ಆ ಆಮೇಲೆ ಬರೋದೇ ಇಲ್ಲ. ಒಂದೇ ಅರ್ಥ ಹೇಳಿಕೊಡಿ, ನನ್ನ ತಕರಾರಿಲ್ಲ. ಆದರೆ ಮಗು ತಾನಾಗಿ ಇನ್ನೊಂದು ಅರ್ಥ ಹಿಡಿದಾಗ ಅದನ್ನು ಹೊಡೆದು ಹಾಕಬೇಡಿ. ನಾಳೆಯಿಂದ ಅವನು ಯೋಚನೆ ಮಾಡೋದನ್ನೇ ಬಿಡ್ತಾನೆ.

ಈ ನೋವು ನನ್ನದೂ ಹೌದು. ಕನ್ನಡ ಮೀಡಿಯಂನಿಂದ ಕಾಲೇಜಿಗೆ ಹೋದಾಗ ಲೆಕ್ಚರರು ‘ಡಿಡ್ ಯು ಗೆಟ್ ಇಟ್?’ ಅಂತ ಕೇಳಿದರೆ ನನಗೆ ‘ಪಡೆ’ ಬಿಟ್ಟು ಬೇರೇನೂ ಹೊಳೆಯುತ್ತಿರಲಿಲ್ಲ. ಪಾಠ ಅರ್ಥವಾಗಿರುತ್ತಿತ್ತು. ಅರ್ಥವಾಯ್ತಾ ಅಂತ ಕೇಳಿದ್ದು ಮಾತ್ರ ಅರ್ಥವಾಗುತ್ತಿರಲಿಲ್ಲ. ತಲೆ ತಗ್ಗಿಸಿ ಕೂರುತ್ತಿದ್ದೆ. ನಮ್ಮ ಮಕ್ಕಳಿಗೆ ಅದು ಬೇಡ.

ವಿದ್ಯಾನಗರದ ಸುತ್ತಮುತ್ತ ಇರುವ ಗೆಳೆಯರೇ, ಭಾನುವಾರ ಬೆಳಿಗ್ಗೆ ಮಕ್ಕಳನ್ನು ನಮ್ಮನೆಗೆ ಕಳಿಸಿ. ಫೀಸು ಬೇಡ. ಮೊದಲು ‘ಗೆಟ್’, ಆಮೇಲೆ ‘ಟೇಕ್’, ‘ಪುಟ್’. ಟ್ಯೂಷನ್ ಹೇಳುವವರು ಬಂದು ಕೂತರೂ ನನಗೆ ಸಂತೋಷವೇ.