ಕೂಲಿ, ಕೂಲಿ

ಮೊರಾಕ್ಕೊ ದೇಶದ ಫೆಝ್ ಊರಿನ ಮದೀನಾದಲ್ಲಿ, ಅಂದರೆ ಹಳೇ ಪೇಟೆಯಲ್ಲಿ, ಒಂದು ತಿಂಗಳು ಒಬ್ಬರ ಮನೆಯಲ್ಲಿದ್ದೆ. ಓಣಿ ಎಷ್ಟು ಕಿರಿದು ಅಂದರೆ, ಎದುರಿಗೆ ಹೊರೆ ಹೊತ್ತ ಕತ್ತೆ ಬಂದರೆ ನಾನೇ ಗೋಡೆಗೆ ಅಂಟಿಕೊಂಡು ದಾರಿ ಬಿಡಬೇಕು. ಮನೆಯಾಕೆಯನ್ನು ‘ಖಾಲ್ತಿ’ ಅನ್ನು ಎಂದು ಮಕ್ಕಳು ಹೇಳಿಕೊಟ್ಟರು. ಅಮ್ಮನ ಅಕ್ಕತಂಗಿಯರನ್ನು ಕರೆಯುವ ಹೆಸರು ಅದು. ಸಿಕ್ಕ ದೊಡ್ಡವರಿಗೆಲ್ಲ ಒಂದು ನೆಂಟಸ್ತನ ಅಂಟಿಸುವುದು ನಮಗೇನೂ ಹೊಸದಲ್ಲ, ಅಲ್ವಾ?

ಮೊದಲ ದಿನ ಊಟಕ್ಕೆ ಕೂತಾಗ ಖಾಲ್ತಿ ನನ್ನನ್ನೇ ನೋಡುತ್ತಾ ‘ಕೂಲಿ, ಕೂಲಿ’ ಅಂದರು. ದುಡ್ಡು ಮೊದಲೇ ಕೊಟ್ಟಾಗಿದೆಯಲ್ಲ, ಇದ್ಯಾವ ಕೂಲಿ ಎಂದು ಗಾಬರಿಯಾದೆ. ಅಲ್ಲಿನ ದಾರಿಜಾ ಮಾತಿನಲ್ಲಿ ಹೆಂಗಸಿಗೆ ‘ತಿನ್ನು’ ಅನ್ನುವುದು ಹಾಗಂತೆ. ಗಂಡಸಾದರೆ ಬರೀ ‘ಕೂಲ್’.

ತಿನ್ನೋಣ ಅಂದರೆ ತಟ್ಟೆ ಎಲ್ಲಿ? ಗುಂಡನೆ ಮೇಜಿನ ನಡುವೆ ಮಣ್ಣಿನದೊಂದು ಅಗಲ ಪಾತ್ರೆ, ಸುತ್ತ ಆರು ಜನ, ಅಷ್ಟೇ. ಎಂಜಲು ಕೈ ಹುಳಿಯ ಸೌಟಿಗೆ ತಾಗಿದರೂ ಅಜ್ಜಿಯಿಂದ ಬೈಸಿಕೊಂಡು ಬೆಳೆದವಳು ನಾನು. ಎಲ್ಲರೂ ‘ಬಿಸ್ಮಿಲ್ಲಾ’ ಅಂದು ಬಲಗೈಯಲ್ಲಿ ರೊಟ್ಟಿ ಮುರಿದು ಅದ್ದಿದರು. ನಾನು ಅಜ್ಜಿಯನ್ನು ನೆನೆದು ಅದ್ದಿದೆ.

ಆ ಪಾತ್ರೆಯಲ್ಲಿ ಗೆರೆಗಳಿವೆ ಅಂತ ಗೊತ್ತಾಗಿದ್ದು ಶುಕ್ರವಾರ. ಅವತ್ತು ಕುಸ್ಕುಸ್. ಗೋಧಿ ರವೆ ಅಂತ ಉಪ್ಪಿಟ್ಟಿನ ಲೆಕ್ಕ ಹಾಕಬೇಡಿ. ಹಬೆಯಲ್ಲಿ ಬೇಯಿಸಿ, ಅಗಲ ಪಾತ್ರೆಗೆ ಸುರಿದು, ನೀರು ಚಿಮುಕಿಸಿ, ಗಂಟಾಗದಂತೆ ಕೈಯಲ್ಲಿ ಉಜ್ಜಿ, ಮತ್ತೆ ಹಬೆಗೆ. ಹೀಗೆ ಮೂರು ಸಲ. ಕೊನೆಗೆ ರವೆಯ ಗುಡ್ಡ. ಮೇಲೆ ಕುಂಬಳ, ಕ್ಯಾರೆಟ್, ಎಲೆಕೋಸು, ಕಡಲೆ. ಪಕ್ಕದಲ್ಲಿ ಲೋಟದ ತುಂಬ ‘ಲ್ಬೆನ್’, ಅಂದರೆ ನಮ್ಮ ಮಜ್ಜಿಗೆಯೇ. ನನಗೆ ಕುಂಬಳ ಇಷ್ಟ. ಆಚೆ ಬದಿಯ ದೊಡ್ಡ ಹೋಳಿಗೆ ಚಮಚ ಚಾಚಿದೆ. ಏಳು ವರ್ಷದ ಹುಡುಗ ನನ್ನನ್ನು ಹೇಗೆ ನೋಡಿದ ಅಂದರೆ, ಪಕ್ಕದ ಮನೆಯ ಹಿತ್ತಲಿಗೆ ಬೇಲಿ ಹಾರಿದ್ದೇನೆ ಅನ್ನುವ ಹಾಗೆ.

ನಿಮ್ಮ ಮುಂದಿನ ತ್ರಿಕೋನವಷ್ಟೇ ನಿಮ್ಮದು. ಅಲ್ಲಿಂದ ಒಳಗೆ ಕೊರೆಯುತ್ತಾ ಹೋಗಬೇಕು, ಪಕ್ಕಕ್ಕೆ ಹೋಗುವಂತಿಲ್ಲ. ನಡುವಿನ ಮಾಂಸ ಯಾರದ್ದೂ ಅಲ್ಲ. ಕೊನೆಯಲ್ಲಿ ಖಾಲ್ತಿಯೇ ಅದನ್ನು ಬಿಡಿಸಿ ಒಬ್ಬೊಬ್ಬರ ಮುಂದೆ ಇಡುತ್ತಾರೆ. ನಮ್ಮ ಮನೆಯಲ್ಲಿ ಎಲ್ಲರಿಗೂ ಬೇರೆ ಬೇರೆ ತಟ್ಟೆ, ಆದರೂ ತಮ್ಮ ನನ್ನ ಹಪ್ಪಳ ಕದಿಯುತ್ತಿದ್ದ.

ಮೊರಾಕ್ಕೊ ಮತ್ತು ಅಲ್ಜೀರಿಯಾ ನಡುವಿನ ಗಡಿ 1994ರಿಂದ ಮುಚ್ಚಿದೆ. ಆದರೂ 2020ರಲ್ಲಿ ಇವೆರಡೂ, ಟುನೀಸಿಯಾ, ಮಾರಿಟೇನಿಯಾ ಜೊತೆ ಸೇರಿ ಕುಸ್ಕುಸ್ಸನ್ನು ಯುನೆಸ್ಕೋದ ಪರಂಪರೆಯ ಪಟ್ಟಿಗೆ ಹತ್ತಿಸಿದವು. ಒಂದೇ ಪಾತ್ರೆ, ಅವರವರ ತ್ರಿಕೋನ.

ಗೆರೆ ದಾಟುವ ಹಕ್ಕು ಕೊಡುವವರಿಗೆ ಮಾತ್ರ. ಮಾತಾಡುತ್ತಲೇ, ನನ್ನ ಕಡೆ ನೋಡದೆಯೇ, ಖಾಲ್ತಿ ಚಮಚದಿಂದ ಕುಂಬಳದ ಹೋಳನ್ನು ನನ್ನ ಕಡೆ ತಳ್ಳುತ್ತಿದ್ದರು. ‘ಶ್ಬಾತ್’, ಹೊಟ್ಟೆ ತುಂಬಿತು ಅನ್ನುತ್ತಿದ್ದೆ. ಏನೂ ತಿಂದೇ ಇಲ್ಲವಲ್ಲ ಎಂದು ಇನ್ನೊಂದು ಹೋಳು ಬರುತ್ತಿತ್ತು. ಈ ಉಪಚಾರಕ್ಕೆ ಮಾತ್ರ ಅನುವಾದ ಬೇಕಾಗಲಿಲ್ಲ.

ಕೊನೆಯ ಶುಕ್ರವಾರ ಊಟದ ನಡುವೆ ಫೋನ್ ಬಂತೆಂದು ಖಾಲ್ತಿ ಎದ್ದು ಹೋದರು. ಸುಮ್ನೆ ಹತ್ತು ನಿಮಿಷ ಮಾತಾಡಿದರು. ಸುತ್ತಲಿನ ಗುಡ್ಡವೆಲ್ಲ ಕರಗಿ, ಅವರ ತ್ರಿಕೋನ ಮಾತ್ರ ಕೇಕಿನ ತುಂಡಿನಂತೆ ನೆಟ್ಟಗೆ ನಿಂತಿತ್ತು. ಕುಂಬಳವಿರಲಿಲ್ಲ. ಯಾವಾಗಲೋ ನನ್ನ ಕಡೆ ಬಂದುಬಿಟ್ಟಿತ್ತು. ಮೆಲ್ಲಗೆ ವಾಪಸ್ ತಳ್ಳಿದೆ. ಹುಡುಗ ನೋಡಿದ, ಏನೂ ಅನ್ನಲಿಲ್ಲ.

ಖಾಲ್ತಿ ಬಂದು ಕೂತರು. ಹೋಳನ್ನು ನೋಡಿದರು, ನನ್ನನ್ನು ನೋಡಿದರು. ಚಮಚ ಎತ್ತಿಕೊಂಡರು.

‘ಕೂಲಿ.’