ಊರಾಗಬಯಸುವವರ ಗಮನಕ್ಕೆ

ಕರ್ನಾಟಕದಲ್ಲಿ ಊರೊಂದು ಅಧಿಕೃತವಾಗಿ ಊರಾಗಲು, ಅಂದರೆ ಕಂದಾಯ ಗ್ರಾಮವಾಗಲು, ಅಲ್ಲಿ ಜನ ಇರಲೇಬೇಕು ಎಂದೇನಿಲ್ಲ. ನಕ್ಷೆ ಇರಬೇಕು, ಗಡಿಕಲ್ಲು ಇರಬೇಕು, ಒಂದರಿಂದ ಶುರುವಾಗುವ ಸರ್ವೆ ನಂಬರು ಇರಬೇಕು, ಜಮೀನು ದಾಖಲೆಗಳ ‘ಭೂಮಿ’ ತಂತ್ರಾಂಶದಲ್ಲಿ ಒಂದು ಕೋಡ್ ಇರಬೇಕು. ಇಷ್ಟಾದ ಮೇಲೆ ಮನುಷ್ಯರು ಇದ್ದರೂ ನಡೆಯುತ್ತದೆ. ಇಲ್ಲದಿದ್ದರೆ ಇನ್ನೂ ಅನುಕೂಲ, ಅರ್ಜಿ ಹಿಡಿದು ತಾಲ್ಲೂಕು ಕಚೇರಿಗೆ ಯಾರೂ ಬರುವುದಿಲ್ಲ.

2011ರ ಜನಗಣತಿಯ ಪ್ರಕಾರ ರಾಜ್ಯದ ಗ್ರಾಮಗಳು 29,340. ಅದರಲ್ಲಿ ಜನ ವಾಸವಿದ್ದದ್ದು 27,397ರಲ್ಲಿ. ಮಿಕ್ಕ 1,943 ಊರುಗಳಲ್ಲಿ ನರಪಿಳ್ಳೆಯೂ ಇರಲಿಲ್ಲ. ಕಂದಾಯ ಇಲಾಖೆಯವರು ಇವನ್ನು ಬೇಚರಾಕ್ ಗ್ರಾಮ ಅನ್ನುತ್ತಾರೆ, ಸುತ್ತಲಿನವರು ಹಾಳೂರು ಅನ್ನುತ್ತಾರೆ. ಕೆಲವು ಬರಕ್ಕೆ ಬಿಟ್ಟುಹೋದವು, ಕೆಲವು ಪ್ಲೇಗಿಗೆ. ಕೆಲವು ಅಣೆಕಟ್ಟಿನ ಹಿನ್ನೀರಿಗೆ ಹೆದರಿ ಎತ್ತರಕ್ಕೆ ಹೋದವು. ಇನ್ನು ಕೆಲವು ಎಂದೂ ಊರಾಗಿರಲೇ ಇಲ್ಲ: ಹಳೇ ಮೈಸೂರು ಸೀಮೆಯಲ್ಲಿ ಅಮೃತಮಹಲ್ ದನಗಳ ಕಾವಲು, ಅಂದರೆ ಹುಲ್ಲುಗಾವಲು, ಒಂದು ಗ್ರಾಮ, ಅಮಾನಿಕೆರೆ ಎಂಬ ಸರ್ಕಾರಿ ಕೆರೆ ಇನ್ನೊಂದು ಗ್ರಾಮ. ಕೆರೆಯೇ ಊರು, ಮೀನೇ ಪ್ರಜೆ.

ಉತ್ತರದ ಜಿಲ್ಲೆಗಳ ಹಾಳೂರೊಂದಕ್ಕೆ ಹೋದರೆ ಸಿಗುವುದಿಷ್ಟು. ತೊಗರಿ ಹೊಲದ ನಡುವೆ ಒಂದು ಬೇವಿನ ಮರ, ಬುಡದಲ್ಲಿ ಎಣ್ಣೆ ಕುಡಿದು ಕಪ್ಪಾದ ಹಣಮಪ್ಪನ ಕಲ್ಲು, ಪಕ್ಕದಲ್ಲಿ ಜಾಲಿ ಬೆಳೆದು ಮುಚ್ಚಿಹೋದ ಬಾವಿ. ಶ್ರಾವಣದ ಶನಿವಾರ ಪಕ್ಕದೂರಿನವರು ಬಂದು ಕಾಯಿ ಒಡೆದು ಹೋಗುತ್ತಾರೆ. ಆದರೆ ಜನಗಣತಿಯ ಪಟ್ಟಿಯಲ್ಲಿ ಈ ಹಣಮಪ್ಪನ ಊರಿಗೆ ತನ್ನದೇ ಆರಂಕಿಯ ಸಂಖ್ಯೆ ಇದೆ, ವಿಸ್ತೀರ್ಣ ಹೆಕ್ಟೇರಿನಲ್ಲಿ ನಮೂದಾಗಿದೆ. ಗಂಡಸರು ಸೊನ್ನೆ, ಹೆಂಗಸರು ಸೊನ್ನೆ, ಅಕ್ಷರಸ್ಥರು ಸೊನ್ನೆ. ಲಿಂಗಾನುಪಾತ ಮಾತ್ರ ಕೇಳಬೇಡಿ, ಸೊನ್ನೆಯನ್ನು ಸೊನ್ನೆಯಿಂದ ಭಾಗಿಸುವ ಸುತ್ತೋಲೆ ಇನ್ನೂ ಬಂದಿಲ್ಲ.

ಈಗ ಆ ಹೊಲದಾಚೆ, ದಿಬ್ಬದ ಮೇಲೆ ನೂರು ಮನೆಯ ತಾಂಡಾ ಒಂದಿದೆ ಎಂದುಕೊಳ್ಳಿ. ಮೂರು ತಲೆಮಾರಿನ ಜನ. ಅಂಗನವಾಡಿ ಇದೆ, ಐದನೇ ತರಗತಿವರೆಗಿನ ಶಾಲೆ ಇದೆ, ಟ್ರಾನ್ಸ್‌ಫಾರ್ಮರ್ ಇದೆ, ಸೇವಾಲಾಲ್ ಗುಡಿ ಇದೆ. ಚುನಾವಣೆ ಬಂದರೆ ಶಾಲೆಯೇ ಮತಗಟ್ಟೆ. ಇಲ್ಲದ್ದು ಒಂದೇ, ಊರು. ಇಲಾಖೆಯ ಭಾಷೆಯಲ್ಲಿ ಇದು ‘ದಾಖಲೆರಹಿತ ಜನವಸತಿ’. ಇದರ ಜನಸಂಖ್ಯೆ ಎಷ್ಟು ಎಂದು ಜನಗಣತಿಯ ಗ್ರಾಮಪಟ್ಟಿಯನ್ನು ಕೇಳಿದರೆ ಉತ್ತರ ಸಿಗುವುದಿಲ್ಲ, ಸೊನ್ನೆ ಎಂಬ ಉತ್ತರವೂ ಇಲ್ಲ. ಇಲ್ಲಿನ ಜನರನ್ನು ಎರಡು ಮೈಲಿ ಆಚೆಗಿನ ಮೂಲ ಗ್ರಾಮದ ಲೆಕ್ಕಕ್ಕೆ ಕೂಡಿಸಲಾಗಿದೆ. 400 ಜನಕ್ಕೊಬ್ಬ ಪಂಚಾಯಿತಿ ಸದಸ್ಯ ಎಂದು ಲೆಕ್ಕ ಹಾಕುವಾಗ ತಾಂಡಾದ ತಲೆಗಳು ಬೇಕು. ಸ್ಮಶಾನಕ್ಕೆ ಜಾಗ ಎಲ್ಲಿ ಎಂದು ಹುಡುಕುವಾಗ ಮೂಲ ಗ್ರಾಮದಲ್ಲಿ ಇದೆಯಲ್ಲ ಎಂಬ ಸಮಾಧಾನ ಸಾಕು.

ಸರ್ಕಾರಕ್ಕೆ ಈ ತಾಂಡಾ ಗೊತ್ತೇ ಇಲ್ಲ ಎಂದರೆ ತಪ್ಪಾದೀತು. ಕುಡಿಯುವ ನೀರಿನವರಿಗೆ ಗೊತ್ತು, ಅವರ ಲೆಕ್ಕ ಜನವಸತಿಯದು. ವಿದ್ಯುತ್ ಕಂಪನಿಗೆ ಗೊತ್ತು, ಆರ್.ಆರ್. ನಂಬರ್ ಕೊಟ್ಟಿದೆ. ಮತದಾರರ ಪಟ್ಟಿಯಲ್ಲಿ ಭಾಗ ಸಂಖ್ಯೆ ಸಮೇತ ಹೆಸರಿದೆ. ಗೊತ್ತಿಲ್ಲದ್ದು ಪಹಣಿಗೆ ಮಾತ್ರ. ಪಹಣಿಯ ಪ್ರಕಾರ ನೂರು ಮನೆ ಇರುವ ಜಾಗ ಯಾರೋ ಒಬ್ಬರ ನಾಲ್ಕೆಕರೆ ಖುಷ್ಕಿ, ಬೆಳೆ ಕಾಲಮಿನಲ್ಲಿ ಜೋಳ. ಸಿಸಿ ರಸ್ತೆಯ ಮೇಲೆ ಜೋಳ ಬೆಳೆದವರನ್ನು ಕೃಷಿ ಇಲಾಖೆ ಇನ್ನೂ ಸನ್ಮಾನಿಸಿಲ್ಲ.

ಈ ಅನ್ಯಾಯ ಸರಿಪಡಿಸಲು ಕಾನೂನು ಇದೆ. ಇಲ್ಲ ಎನ್ನಬಾರದು. ಲಂಬಾಣಿ ತಾಂಡಾ, ಗೊಲ್ಲರಹಟ್ಟಿ, ವಡ್ಡರಹಟ್ಟಿ, ಕುರುಬರಹಟ್ಟಿ, ನಾಯಕರಹಟ್ಟಿ, ಮಜರೆ ಗ್ರಾಮ, ಹಾಡಿ, ದೊಡ್ಡಿ, ಪಾಳ್ಯ, ಕ್ಯಾಂಪ್, ಕಾಲೊನಿ ಎಂದು ಹೆಸರು ಹಿಡಿದೇ ಕರೆದಿದ್ದಾರೆ. ಹಾಗಾಗಿ ಊರಾಗಬಯಸುವವರು ಅನುಸರಿಸಬೇಕಾದ ಕ್ರಮ ಹೀಗೆ.

ಮೊದಲು ನಿಮ್ಮ ಮನೆ ಯಾರ ಜಾಗದಲ್ಲಿದೆ ನೋಡಿಕೊಳ್ಳಿ. ಸರ್ಕಾರಿ ಜಾಗವಾದರೆ ಭೂಕಂದಾಯ ಕಾಯ್ದೆಯ 94ಡಿ, ಖಾಸಗಿ ಜಮೀನಾದರೆ ಭೂಸುಧಾರಣಾ ಕಾಯ್ದೆಯ 38ಎ. ತಾಂಡಾ ಕಟ್ಟಿದ ಅಜ್ಜಂದಿರು ಕಲಂ ನೋಡಿ ಗೋಡೆ ಹಾಕಿದವರಲ್ಲ, ಆದ್ದರಿಂದ ಅಡುಗೆಮನೆ 94ಡಿಯಲ್ಲೂ ಪಡಸಾಲೆ 38ಎಯಲ್ಲೂ ಬರುವ ಸಂಭವವುಂಟು. ಸರ್ಕಾರಿ ಜಾಗದಲ್ಲೂ ಒಳಜಾತಿಗಳಿವೆ. ಬಿ-ಖರಾಬಾದರೆ ಅದು ದಾರಿ, ಹಳ್ಳ, ಸಾರ್ವಜನಿಕರ ಸ್ವತ್ತು, ಮುಟ್ಟುವ ಹಾಗಿಲ್ಲ. ಗೋಮಾಳವಾದರೆ ಮೊದಲು ದನ ಎಣಿಸಬೇಕು: ನೂರು ದನಕ್ಕೆ 12 ಹೆಕ್ಟೇರ್, ಅಂದರೆ ಹೆಚ್ಚುಕಡಿಮೆ 30 ಎಕರೆ, ಉಚಿತ ಮೇವಿಗೆ ಬಿಡತಕ್ಕದ್ದು ಎಂದು 1966ರ ನಿಯಮಗಳಲ್ಲೇ ಇದೆ. ನೂರು ಮನುಷ್ಯರಿಗೆ ಎಷ್ಟು ಎಂಬ ನಿಯಮ ಹುಡುಕಿ ಸುಸ್ತಾಗಬೇಡಿ.

ಕಾಡಿನೊಳಗಿನ ಹಾಡಿಯವರು ಈ ಸಾಲಿನಲ್ಲಿ ನಿಲ್ಲಬಾರದು, ಅವರಿಗೆ ಬೇರೆ ಕಿಟಕಿ. 2006ರ ಅರಣ್ಯ ಹಕ್ಕು ಕಾಯ್ದೆಯ 3(1)(ಎಚ್) ಅರಣ್ಯದ ಊರುಗಳನ್ನು ಕಂದಾಯ ಗ್ರಾಮ ಮಾಡಬಹುದು ಎನ್ನುತ್ತದೆ. 2005ರ ಡಿಸೆಂಬರ್ 13ಕ್ಕೆ ಮುಂಚಿನಿಂದ ಇದ್ದಿರಬೇಕು. ಪರಿಶಿಷ್ಟ ಪಂಗಡಕ್ಕೆ ಸೇರದವರಾದರೆ ಮೂರು ತಲೆಮಾರು ಎಂದು ಸಾಬೀತು ಮಾಡಬೇಕು, ತಲೆಮಾರಿಗೆ 25 ವರ್ಷದಂತೆ 75. ಹದಿನೆಂಟಕ್ಕೇ ಮದುವೆ ಮಾಡಿಕೊಂಡ ಅಜ್ಜ ಇಲ್ಲಿ ಲುಕ್ಸಾನು.

ಜಾಗ ತೀರ್ಮಾನವಾದರೆ ತಹಶೀಲ್ದಾರರ ಪ್ರಸ್ತಾವ. ಭೂಮಾಪಕರು ಬಂದು ಅಳೆದು ಸ್ಕೆಚ್ ಮಾಡಬೇಕು. ಇವರು ಬರುವುದೇ ಒಂದು ಹಬ್ಬ. ಹಳೇ ಟಿಪ್ಪಣಿ, ಅಂದರೆ ಮೊದಲ ಅಳತೆಯ ಚಿತ್ರ, ಇರುವುದು 33 ಅಡಿಯ ಸರಪಳಿ ಮತ್ತು ಆಣೆ ಲೆಕ್ಕದಲ್ಲಿ, ಈಗಿನ ಯಂತ್ರ ಮಾತಾಡುವುದು ಮೀಟರಿನಲ್ಲಿ. ಎರಡೂ ತಾಳೆಯಾಗದಿದ್ದರೆ ಗಡಿಕಲ್ಲು ಹುಡುಕಬೇಕು. ಗಡಿಕಲ್ಲು ಎಂದೋ ಯಾರದೋ ಮನೆಯ ಬಟ್ಟೆ ಒಗೆಯುವ ಕಲ್ಲಾಗಿರುತ್ತದೆ. ಸರ್ವೆಯವರ ವಿಸ್ತೀರ್ಣದ ಪಟ್ಟಿಯಾದ ಆಕಾರ್‌ಬಂದ್‌ನ ವಿಸ್ತೀರ್ಣಕ್ಕೂ ಪಹಣಿಯ ವಿಸ್ತೀರ್ಣಕ್ಕೂ ಎರಡು ಗುಂಟೆ ವ್ಯತ್ಯಾಸ ಬಂದರೆ ಕಡತ ಅಲ್ಲೇ ಕೂರುತ್ತದೆ. ಎರಡು ಗುಂಟೆ ಎಂದರೆ 2,178 ಚದರ ಅಡಿ, ಆರು ಮನೆ ಹಿಡಿಸುವಷ್ಟು ಜಾಗ.

ಆಮೇಲೆ ಕರಡು ಅಧಿಸೂಚನೆ, ಆಕ್ಷೇಪಣೆಗೆ ಕಾಲಾವಕಾಶ, ಅಂತಿಮ ಅಧಿಸೂಚನೆ, ರಾಜ್ಯಪತ್ರ. ಆಕ್ಷೇಪಣೆ ಎಂಬುದು ಸಾಮಾನ್ಯವಾಗಿ ಮೂಲ ಗ್ರಾಮದಿಂದಲೇ ಬರುವುದು. ತಾಂಡಾ ಬೇರೆಯಾದರೆ ಗೋಮಾಳ ಯಾರಿಗೆ, ಕೆರೆ ಯಾರಿಗೆ, ಅನುದಾನ ಎಷ್ಟು ಕಮ್ಮಿ ಎಂಬ ಚಿಂತೆ. ಐವತ್ತು ವರ್ಷ ಹೊರಗಿನವರು ಎನ್ನುತ್ತಿದ್ದವರು ಆ ಒಂದು ತಿಂಗಳು ಮಾತ್ರ ‘ನಾವೆಲ್ಲ ಒಂದೇ ಊರಿನವರು’ ಎನ್ನುತ್ತಾರೆ.

ಅಂತಿಮ ಅಧಿಸೂಚನೆ ಬಂದಾಕ್ಷಣ ಕುಣಿಯಬೇಡಿ. ಹೊಸ ಗ್ರಾಮಕ್ಕೆ ಕೋಡ್ ಬರಬೇಕು, ಮೂಲ ಗ್ರಾಮದ ಪಹಣಿಗಳಿಂದ ನಿಮ್ಮವನ್ನು ಬೇರ್ಪಡಿಸಬೇಕು, ಪ್ರತಿ ಮನೆಗೂ ಹಕ್ಕುಪತ್ರ ಬರಬೇಕು. ಆಮೇಲೆ ಪಂಚಾಯಿತಿಯ ಆಸ್ತಿ ದಾಖಲೆಯ ತಂತ್ರಾಂಶ, ಇ-ಸ್ವತ್ತು. ಅಲ್ಲಿ ನಮೂನೆ 9 ಮತ್ತು 11ಎ ಸಿಕ್ಕವರು ಮನೆ ಮಾಲೀಕರು. 11ಬಿ ಸಿಕ್ಕವರು ತೆರಿಗೆದಾರರು ಮಾತ್ರ. ಅವರ ಕಾಗದ ನೋಡಿ ಬ್ಯಾಂಕಿನವರು ಸಾಲ ಕೊಡುವುದಿಲ್ಲ, ಕೂರಲು ಕುರ್ಚಿ ಕೊಟ್ಟಾರು.

ಹಕ್ಕುಪತ್ರದ ಮಾತಿಗೆ ಬಂದರೆ, ಅದು ಕಚೇರಿಯಲ್ಲಿ ಸಿಗುವ ವಸ್ತುವಲ್ಲ, ಸಮಾವೇಶದಲ್ಲಿ ಸಿಗುವಂಥದ್ದು. 2023ರ ಜನವರಿ 19ರಂದು ಮಳಖೇಡದಲ್ಲಿ ಪ್ರಧಾನಿಯವರೇ ಬಂದು ಸುಮಾರು 50 ಸಾವಿರ ಕುಟುಂಬಗಳಿಗೆ ಹಕ್ಕುಪತ್ರ ವಿತರಿಸಿದರು. ಕಲಬುರಗಿ, ಯಾದಗಿರಿ, ರಾಯಚೂರು, ಬೀದರ್, ವಿಜಯಪುರ ಜಿಲ್ಲೆಗಳ ಸುಮಾರು 1,475 ವಸತಿಗಳು ಗ್ರಾಮಗಳೆಂದು ಘೋಷಣೆಯಾಗಿದ್ದವು. ಮಳಖೇಡವೆಂದರೆ ರಾಷ್ಟ್ರಕೂಟ ದೊರೆ ನೃಪತುಂಗನ ರಾಜಧಾನಿಯಿದ್ದ ಜಾಗ. ರಾಷ್ಟ್ರಕೂಟರ ಕಾಲಕ್ಕೇ ಅರ್ಜಿ ಹಾಕಿದ್ದರೆ ಇಷ್ಟು ತಡವಾಗುತ್ತಿರಲಿಲ್ಲವೇನೋ. ಸರ್ಕಾರ ಬದಲಾಯಿತು, ಪೆಂಡಾಲು ಬದಲಾಯಿತು. 2025ರ ಮೇ 20ರಂದು ಹೊಸಪೇಟೆಯಲ್ಲಿ ವಿತರಿಸಿದ ಹಕ್ಕುಪತ್ರಗಳ ಸಂಖ್ಯೆ 1,11,111. ಮದುವೆ ಮನೆಯಲ್ಲಿ 101, 501 ಎಂದು ಮುಯ್ಯಿ ಬರೆಸಿದ ಹಾಗೆ, ಕೊನೆಗೊಂದು ಒಂದಿಲ್ಲದೆ ಸರ್ಕಾರಕ್ಕೂ ಕೈ ಬರುವುದಿಲ್ಲ. 1,11,112ನೆಯ ಕುಟುಂಬದ ಕಡತವೂ ಅಂದು ಸಿದ್ಧವಿದ್ದಿದ್ದರೆ ಏನು ಮಾಡುತ್ತಿದ್ದರು ಎಂಬುದು ಕುತೂಹಲದ ಪ್ರಶ್ನೆ.

ಒಂದು ಮೆಚ್ಚಬೇಕಾದ ಸಂಗತಿಯೂ ಇದೆ. ಹಿಂದೆ ಕೊಡುತ್ತಿದ್ದ ಹಕ್ಕುಪತ್ರ ನೋಂದಣಿಯಾಗುತ್ತಿರಲಿಲ್ಲ. ಗೆದ್ದಲು ತಿಂದರೆ, ಸೋರುವ ಮಾಳಿಗೆಯಲ್ಲಿ ನೆನೆದರೆ, ಹಕ್ಕೂ ಹೋಯಿತು ಪತ್ರವೂ ಹೋಯಿತು. ಈಗ ಡಿಜಿಟಲ್ ಹಕ್ಕುಪತ್ರ ಮಾಡಿ, ಉಪನೋಂದಣಿ ಕಚೇರಿಯಲ್ಲಿ ಸರ್ಕಾರದ ಪರವಾಗಿ ನೋಂದಾಯಿಸಿ, ಖಾತೆ ಮಾಡಿಸಿ ಕೊಡುವ ವ್ಯವಸ್ಥೆ ಬಂದಿದೆ. ಕೆಲಸ ಮಾಡುವ ಉಪಾಯ ಇಷ್ಟು ವರ್ಷ ಗೊತ್ತಿರಲಿಲ್ಲ ಎಂದಲ್ಲ. ನೋಂದಣಿ ಕಚೇರಿಯಲ್ಲಿ ಪೆಂಡಾಲು ಹಾಕಲು ಜಾಗವಿಲ್ಲ.

ಇನ್ನು ಜನಗಣತಿ. 2027ರ ಎಣಿಕೆಗಾಗಿ ಆಡಳಿತ ಗಡಿಗಳನ್ನು 2025ರ ಡಿಸೆಂಬರ್ 31ಕ್ಕೆ ಇದ್ದ ಹಾಗೆ ಹೆಪ್ಪುಗಟ್ಟಿಸುವುದೆಂದು ತೀರ್ಮಾನ. ಅಷ್ಟರೊಳಗೆ ಗ್ರಾಮವಾದವರಿಗೆ ತಮ್ಮದೇ ಸಾಲು, ತಮ್ಮದೇ ಜನಸಂಖ್ಯೆ. ರಾಜ್ಯಪತ್ರದಲ್ಲಿ ಒಂದು ದಿನ ತಡವಾಗಿ ಬಂದವರು ಮತ್ತೆ ಮೂಲ ಗ್ರಾಮದ ಹೊಟ್ಟೆಯೊಳಗೆ. 2011ರ ಗಣತಿ ಆದ ಮೇಲೆ ಮುಂದಿನದಕ್ಕೆ 16 ವರ್ಷ ಹಿಡಿದಿದೆ. ಅದರ ಮುಂದಿನದು ಯಾವಾಗ ಎಂದು ಲೆಕ್ಕ ಹಾಕುವ ಧೈರ್ಯ ಇದ್ದವರು ಹಾಕಿಕೊಳ್ಳಿ.

ಗಡುವು ತಪ್ಪಿದವರಿಗೆ ಒಂದು ಅಡ್ಡದಾರಿ ಹೊಳೆಯಬಹುದು. ನಕ್ಷೆ, ಕೋಡ್, ಗಡಿಕಲ್ಲು ಎಲ್ಲ ಸಿದ್ಧವಿರುವ 1,943 ಊರುಗಳು ಖಾಲಿ ಬಿದ್ದಿವೆ. ಜನವಿದ್ದೂ ಊರಿಲ್ಲದ ತಾಂಡಾದವರು ರಾತ್ರೋರಾತ್ರಿ ಗಂಟುಮೂಟೆ ಕಟ್ಟಿ ಹಣಮಪ್ಪನ ಹಾಳೂರಿಗೆ ಹೋಗಿ ನೆಲೆಸಿದರೆ ಒಂದೇ ಏಟಿಗೆ ಎರಡೂ ದಾಖಲೆ ಸರಿಯಾಗಬೇಕಲ್ಲ? ಆಗುವುದಿಲ್ಲ. ಹಾಳೂರಿನ ಗ್ರಾಮಠಾಣಾ, ಅಂದರೆ ಮನೆಗಳಿದ್ದ ಜಾಗ, ಎಂದೋ ಹೊಲವಾಗಿದೆ, ಪಹಣಿ ಪಕ್ಕದೂರಿನ ಗೌಡರ ಹೆಸರಲ್ಲಿದೆ. ಅಲ್ಲಿ ಗುಡಿಸಲು ಹಾಕಿದವರು ಒಂದು ಅಧಿಕೃತ ಗ್ರಾಮದೊಳಗಿನ ದಾಖಲೆರಹಿತ ಜನವಸತಿ ಆಗುತ್ತಾರೆ. ಖಾಸಗಿ ಜಮೀನು, 38ಎ, ಅರ್ಜಿ ಒಂದನೇ ಕೌಂಟರಿನಲ್ಲಿ.